ಮಾತ್ರೆ ಕೊಡುವ ಕೈಗೆ ಮುಟ್ಟದ ಮಾತು

ಬೆಳಗಿನ ರೌಂಡ್ಸ್ ಹೊತ್ತಿಗೆ ಯಾವುದಾದರೂ ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ ನಿಂತು ನೋಡಿ. ದೊಡ್ಡ ಡಾಕ್ಟರು ಹಾಸಿಗೆಯ ಬಳಿ ಬರುತ್ತಾರೆ. ಹಿಂದೆ ಡ್ಯೂಟಿ ಡಾಕ್ಟರು, ಫೈಲು ಹಿಡಿದ ಸಿಸ್ಟರು. ‘ಪೇಷೆಂಟ್ ಕಡೆಯವರು ಯಾರು?’ ಎಂಬ ಪ್ರಶ್ನೆ ಬಿದ್ದದ್ದೇ ತಡ, ಸದ್ದಿಲ್ಲದೆ ಜಾಗಗಳು ಅದಲುಬದಲಾಗುತ್ತವೆ. ರಾತ್ರಿಯಿಡೀ ಸ್ಟೂಲಿನ ಮೇಲೆ ಕೂತಿದ್ದ ಸೊಸೆ ಎದ್ದು ಗೋಡೆಯ ಕಡೆ ಸರಿಯುತ್ತಾಳೆ. ಬೆಳಗ್ಗೆಯಷ್ಟೇ ಬಸ್ಸಿಳಿದು ಬಂದ ಮಗ ಮುಂದೆ ಬರುತ್ತಾನೆ. ಮಗನಿಲ್ಲದಿದ್ದರೆ ಅಳಿಯ, ಅವನೂ ಇಲ್ಲದಿದ್ದರೆ ನಾಲ್ಕು ಅಕ್ಷರ ಇಂಗ್ಲಿಷ್ ಬಲ್ಲ ಪಕ್ಕದ ಮನೆಯ ಹುಡುಗ. ಡಾಕ್ಟರು ಅವನ ಮುಖ ನೋಡಿ ಕ್ರಿಯಾಟಿನಿನ್ ಎಷ್ಟಿದೆ, ಸೋಡಿಯಂ ಯಾಕೆ ಇಳಿದಿದೆ ಎಂದು ಹೇಳುತ್ತಾರೆ, ಅವನು ತಲೆಯಾಡಿಸುತ್ತಾನೆ. ರಾತ್ರಿ ಮಾವ ಎಷ್ಟು ಸಲ ಎದ್ದರು, ಗಂಜಿ ಎರಡು ಚಮಚ ಹೋಯಿತೋ ನಾಲ್ಕೋ, ಮೂತ್ರದ ಬಣ್ಣ ಹೇಗಿತ್ತು ಎಂಬುದೆಲ್ಲ ಗೊತ್ತಿರುವುದು ಗೋಡೆಗೆ ಒರಗಿ ನಿಂತವಳಿಗೆ. ಮನೆಗೆ ಹೋದ ಮೇಲೆ ಮಾತ್ರೆ ಬಿಡಿಸಿ ಅಂಗೈಗೆ ಹಾಕುವವಳೂ ಅವಳೇ. ಅವಳನ್ನು ಯಾರೂ ಏನೂ ಕೇಳಲಿಲ್ಲ, ಅವಳಿಗೆ ಯಾರೂ ಏನೂ ಹೇಳಲಿಲ್ಲ.

ವೈದ್ಯರಿಗೂ ರೋಗಿಯ ಮನೆಯವರಿಗೂ ನಡುವೆ ಮಾತು ಕಡಿಮೆ ಎಂದು ದೂರುವವರು ಬಹಳ ಮಂದಿ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವ ತೊಂದರೆಯೆಂದರೆ ಇರುವ ಅಷ್ಟಿಷ್ಟು ಮಾತೂ ತಪ್ಪು ವಿಳಾಸಕ್ಕೆ ಹೋಗುತ್ತಿರುವುದು. ಬಿಲ್ಲು ಕಟ್ಟುವವರಿಗೆ, ಸಹಿ ಹಾಕುವವರಿಗೆ, ಗಟ್ಟಿಯಾಗಿ ಕೇಳುವವರಿಗೆ ವಿಷಯ ತಿಳಿಯುತ್ತದೆ. ಆರೈಕೆ ಮಾಡುವವರಿಗೆ ಅದು ತಲುಪುವಷ್ಟರಲ್ಲಿ ಅರ್ಧ ಸೋರಿಹೋಗಿರುತ್ತದೆ. ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ 2023ರಲ್ಲಿ ಹೊರತಂದ ವರದಿಯ ಅಂದಾಜಿನಂತೆ 2050ರ ಹೊತ್ತಿಗೆ ಭಾರತದಲ್ಲಿ ಐವರಲ್ಲಿ ಒಬ್ಬರು 60 ದಾಟಿದವರು. ಇಷ್ಟು ಜನರ ಬಿಪಿ, ಶುಗರು, ಮರೆವು, ಮುರಿದ ಸೊಂಟ ಇವನ್ನೆಲ್ಲ ನೋಡಿಕೊಳ್ಳುವುದು ಆಸ್ಪತ್ರೆಯಲ್ಲ, ಮನೆಯ ನಡುಕೋಣೆ.

ಡಿಸ್ಚಾರ್ಜ್ ದಿನವನ್ನೇ ತೆಗೆದುಕೊಳ್ಳಿ. ಬೆಳಗ್ಗೆ ‘ಇವತ್ತು ಮನೆಗೆ ಹೋಗಬಹುದು’ ಎಂದರೆ ಗೇಟು ದಾಟುವುದು ಸಂಜೆಗೆ. ನಡುವಿನ ಹೊತ್ತೆಲ್ಲ ಬಿಲ್ ಕೌಂಟರು, ಇನ್ಶೂರೆನ್ಸ್ ಡೆಸ್ಕು, ಫಾರ್ಮಸಿಗಳ ನಡುವಿನ ಓಡಾಟ. ಎಲ್ಲ ಮುಗಿದು ವೀಲ್‌ಚೇರು ಲಿಫ್ಟಿನ ಬಾಗಿಲಲ್ಲಿರುವಾಗ ಸಿಸ್ಟರು ಬಂದು ಫೈಲು ಕೊಟ್ಟು, ‘ಇದು ಬೆಳಗ್ಗೆ, ಇದು ರಾತ್ರಿ, ಇದು ಊಟಕ್ಕೆ ಮುಂಚೆ, ಹದಿನೈದು ದಿನ ಬಿಟ್ಟು ಬನ್ನಿ’ ಎನ್ನುತ್ತಾರೆ. ಆಸ್ಪತ್ರೆಯಲ್ಲಿದ್ದಷ್ಟು ದಿನದಲ್ಲಿ ಮನೆಯವರಿಗೆ ಎಲ್ಲಕ್ಕಿಂತ ಹೆಚ್ಚು ಬೇಕಾದ ಪಾಠ ಇದು. ಅದು ನಿಂತ ಕಾಲಿನಲ್ಲಿ ಮುಗಿದುಹೋಗುತ್ತದೆ.

ಆ ಹಾಳೆಯನ್ನು ಮನೆಯಲ್ಲಿ ಬಿಡಿಸಿದರೆ ಮೊದಲೆರಡು ಪುಟ ಇಂಗ್ಲಿಷಿನಲ್ಲಿ ಪರೀಕ್ಷೆಗಳ ಪಟ್ಟಿ. ಕೊನೆಯಲ್ಲಿ ಔಷಧಿಗಳು. 1-0-1 ಎಂದರೆ ಬೆಳಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು ಎಂಬುದನ್ನು ನಮ್ಮ ಜನ ಹೇಗೋ ಕಲಿತುಬಿಟ್ಟಿದ್ದಾರೆ. ಆದರೆ ಇನ್ನೂ ಎಷ್ಟೋ ಹಾಳೆಗಳಲ್ಲಿ ಬರುವುದು ಓಡಿ, ಬಿಡಿ, ಟಿಡಿಎಸ್, ಎಚ್‌ಎಸ್, ಎಸ್‌ಒಎಸ್. ಓಡಿ ಎಂದರೆ ದಿನಕ್ಕೊಮ್ಮೆ. ಕಣ್ಣಿನ ಡಾಕ್ಟರ ಚೀಟಿಯಲ್ಲಿ ಅದೇ ಓಡಿ ಬಲಗಣ್ಣು. ಬಿಡಿ ದಿನಕ್ಕೆರಡು ಸಲ, ಟಿಡಿಎಸ್ ಮೂರು ಸಲ. ಎಚ್‌ಎಸ್ ಮಲಗುವ ಹೊತ್ತಿಗೆ. ಎಸ್‌ಒಎಸ್ ಬೇಕೆನಿಸಿದಾಗ ಮಾತ್ರ. ಜ್ವರದ ಮಾತ್ರೆಯ ಮುಂದೆ ಎಸ್‌ಒಎಸ್ ಇದ್ದರೆ ತಕರಾರಿಲ್ಲ. ನಿದ್ದೆ ಮಾತ್ರೆಯ ಮುಂದೆ ಇದ್ದರೆ ‘ಬೇಕೆನಿಸುವುದು’ ಯಾರಿಗೆ? ಮಲಗಿದವರಿಗೋ, ನಿದ್ದೆಗೆಟ್ಟು ಕೂತವರಿಗೋ?

ಇನ್ನೂ ಗೋಜಲಿನದು, ಹಾಳೆಯಲ್ಲಿ ಇಲ್ಲದ ಸಂಗತಿಗಳು. ಮನೆಯ ಡಬ್ಬಿಯಲ್ಲಿ ಈಗಾಗಲೇ ಇರುವ ಬಿಪಿ ಮಾತ್ರೆಯನ್ನು ಮುಂದುವರಿಸಬೇಕೋ ನಿಲ್ಲಿಸಬೇಕೋ? ಹೊಸದಾಗಿ ಬರೆದದ್ದು ಅದೇ ಔಷಧಿ, ಬೇರೆ ಕಂಪನಿಯ ಬೇರೆ ಹೆಸರಿನದು ಆಗಿದ್ದರೆ ಎರಡನ್ನೂ ನುಂಗಿಸಿ, ಮೂರನೆಯ ದಿನ ಬಚ್ಚಲ ಮನೆಯಲ್ಲಿ ತಲೆ ಸುತ್ತಿ ಬಿದ್ದ ಮೇಲೆ ಗೊತ್ತಾಗುತ್ತದೆ. ಮೈಯ ನೀರು ಇಳಿಸುವ ಫ್ಯೂರೋಸಮೈಡ್ ಮಾತ್ರೆಯನ್ನು ರಾತ್ರಿ ಕೊಟ್ಟರೆ ಅಜ್ಜಿ ಕತ್ತಲಲ್ಲಿ ಮತ್ತೆ ಮತ್ತೆ ಎದ್ದು ಶೌಚಾಲಯಕ್ಕೆ ನಡೆಯಬೇಕು, ಬೀಳಲು ಅಷ್ಟು ಸಾಕು. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ತೆಗೆದುಕೊಳ್ಳುವ ಔಷಧಿ. ಅರಿವಿಲ್ಲದೆ ದಿನಾ ಕೊಟ್ಟು ಪ್ರಾಣಕ್ಕೆ ಬಂದ ಪ್ರಕರಣಗಳು ಲೋಕದಾದ್ಯಂತ ದಾಖಲಾಗಿವೆ. ಹೃದಯ ದುರ್ಬಲವಾದವರಿಗೆ ‘ದಿನಕ್ಕೆ ಒಂದೂವರೆ ಲೀಟರ್ ನೀರು ಮಾತ್ರ’ ಎನ್ನುತ್ತಾರೆ. ಮಜ್ಜಿಗೆ, ಕಾಫಿ, ಗಂಜಿತಿಳಿ, ತಿಳಿಸಾರು ಆ ಲೆಕ್ಕಕ್ಕೆ ಸೇರುತ್ತವೋ ಇಲ್ಲವೋ ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ಸೇರುತ್ತವೆ. ‘ಉಪ್ಪು ಕಡಿಮೆ ಮಾಡಿ’ ಎಂದರೆ ಸೊಸೆ ಸಾರಿನ ಉಪ್ಪು ಕಡಿಮೆ ಮಾಡುತ್ತಾಳೆ, ಸಪ್ಪೆಯಾಯಿತೆಂದು ಮಾವ ಉಪ್ಪಿನಕಾಯಿ ಭರಣಿಗೆ ಕೈ ಹಾಕುತ್ತಾರೆ.

ಹೇಳಿದರೂ ನೆನಪಿರಬೇಕಲ್ಲ. ನೆದರ್ಲೆಂಡ್ಸಿನ ಮನಶ್ಶಾಸ್ತ್ರಜ್ಞ ರಾಯ್ ಕೆಸೆಲ್ಸ್ 2003ರಲ್ಲಿ ಈ ಕುರಿತ ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರು. ವೈದ್ಯರು ಹೇಳಿದ್ದರಲ್ಲಿ ಶೇ 40ರಿಂದ 80ರಷ್ಟನ್ನು ಜನ ಕೂಡಲೇ ಮರೆಯುತ್ತಾರೆ, ನೆನಪಿಟ್ಟುಕೊಂಡದ್ದರಲ್ಲೂ ಹೆಚ್ಚುಕಡಿಮೆ ಅರ್ಧ ತಪ್ಪಾಗಿರುತ್ತದೆ ಎಂಬುದು ಅವರು ಕಂಡುಕೊಂಡದ್ದು. ಇದು ನೇರವಾಗಿ ಕೇಳಿಸಿಕೊಂಡವರ ಕತೆ. ಮಗ ಕೇಳಿಸಿಕೊಂಡು, ಬಸ್ ಸ್ಟ್ಯಾಂಡಿನಿಂದ ಹೆಂಡತಿಗೆ ಫೋನಿನಲ್ಲಿ ಹೇಳಿ, ಅವಳು ಅತ್ತೆಗೆ ಹೇಳಿದರೆ ಎಷ್ಟು ಉಳಿದೀತು? ಇದಕ್ಕೆ ವೈದ್ಯರು ಬಳಸುವ ಉಪಾಯವೊಂದಿದೆ. ‘ಅರ್ಥವಾಯಿತಾ?’ ಎಂದು ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ. ಅದರ ಬದಲು, ‘ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ನೋಡೋಣ, ಮನೆಗೆ ಹೋಗಿ ಈ ಮಾತ್ರೆಗಳನ್ನು ಹೇಗೆ ಕೊಡುತ್ತೀರಿ ನೀವೇ ಹೇಳಿ’ ಎನ್ನಬೇಕು. ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಖರ್ಚಿಲ್ಲದ ಕೆಲಸ, ಬೇಕಾಗಿರುವುದು ಸಮಯ ಮಾತ್ರ.

ಸಮಯದ ಲೆಕ್ಕವನ್ನೂ ನೋಡಿಬಿಡೋಣ. 67 ದೇಶಗಳ ಮಾಹಿತಿ ಕಲೆಹಾಕಿ 2017ರಲ್ಲಿ ‘ಬಿಎಂಜೆ ಓಪನ್’ ಪತ್ರಿಕೆ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪ್ರಾಥಮಿಕ ಚಿಕಿತ್ಸೆಯ ವೈದ್ಯರು ಒಬ್ಬ ರೋಗಿಗೆ ಕೊಡುವ ಸರಾಸರಿ ಹೊತ್ತು ಸ್ವೀಡನ್ನಿನಲ್ಲಿ 22.5 ನಿಮಿಷ, ಬಾಂಗ್ಲಾದೇಶದಲ್ಲಿ 48 ಸೆಕೆಂಡು. ಭಾರತದ್ದು ಎರಡು ನಿಮಿಷದ ಆಸುಪಾಸು. ಹೊರಗೆ ನೂರು ಟೋಕನ್ ಕೂತಿರುವಾಗ ಮುದುಕರ ಮನೆಯವರ ಮಾತು ಕೇಳುತ್ತ ಕೂರಲು ಆಗುತ್ತದೆಯೇ ಎಂದು ವೈದ್ಯರು ಕೇಳುವುದು ನ್ಯಾಯವೇ. ಆದರೆ ‘ಬಿಟ್ಟರೆ ಮುಗಿಸುವುದೇ ಇಲ್ಲ’ ಎಂಬ ಭಯ ಮಾತ್ರ ಅಷ್ಟು ನಿಜವಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ, ನಡುವೆ ಬಾಯಿ ಹಾಕಬೇಡಿ ಎಂದು ವೈದ್ಯರಿಗೆ ಮೊದಲೇ ತಿಳಿಸಿ ರೋಗಿಗಳು ತಾವಾಗಿ ಎಷ್ಟು ಹೊತ್ತು ಮಾತಾಡುತ್ತಾರೆಂದು ಅಳೆದರು. 2002ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಬಂದ ಸರಾಸರಿ 92 ಸೆಕೆಂಡು. ಮುಕ್ಕಾಲು ಪಾಲಿಗಿಂತ ಹೆಚ್ಚು ಜನ ಎರಡು ನಿಮಿಷದೊಳಗೆ ಹೇಳಿ ಮುಗಿಸಿದ್ದರು.

ಇನ್ನು ಮನೆಯಿಂದ ಆಸ್ಪತ್ರೆಗೆ ಹೋಗಬೇಕಾದ ಮಾತು. ಅದಂತೂ ಹೋಗುವುದೇ ಇಲ್ಲ. ಅತ್ತೆಗೆ ಶುಗರು, ಡಾಕ್ಟರು ಗ್ಲಿಮೆಪಿರೈಡ್ ಬರೆದು ‘ಒಂದು ದಿನವೂ ತಪ್ಪಿಸಬಾರದು’ ಎಂದಿದ್ದಾರೆ. ಅತ್ತೆಯದು ನಲವತ್ತು ವರ್ಷದ ಏಕಾದಶಿ ವ್ರತ. ಆ ದಿನ ಒಂದಗುಳು ಅನ್ನ ಮುಟ್ಟುವುದಿಲ್ಲ, ಆದರೆ ಡಾಕ್ಟರ ಮಾತು ಮೀರಬಾರದೆಂದು ಮಾತ್ರೆ ನುಂಗುತ್ತಾರೆ. ಊಟವಿಲ್ಲದ ಹೊಟ್ಟೆಗೆ ಆ ಮಾತ್ರೆ ಬಿದ್ದರೆ ಶುಗರು ಕುಸಿಯುತ್ತದೆ: ಬೆವರು, ನಡುಕ, ತೊದಲು, ಕೆಲವೊಮ್ಮೆ ಪ್ರಜ್ಞೆ ತಪ್ಪುವುದು. ವ್ರತವಿದೆಯೇ ಎಂದು ಡಾಕ್ಟರು ಕೇಳಲಿಲ್ಲ. ಅದೂ ಕಾಯಿಲೆಗೆ ಸಂಬಂಧಪಟ್ಟ ವಿಷಯ ಎಂದು ಸೊಸೆಗೆ ಹೊಳೆಯಲಿಲ್ಲ. ಹಾಗೆಯೇ ಬೆಳಗಿನ ಕಷಾಯ, ಯಾರೋ ಹೇಳಿದ ಪುಡಿ, ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ಚೀಟಿಯಿಲ್ಲದೆ ತಂದ ಮಾತ್ರೆ. ಮೂತ್ರಪಿಂಡ ಸೊರಗಿದ ಮುದುಕರಿಗೆ ಆ ನೋವಿನ ಮಾತ್ರೆಯೇ ಕಂಟಕವಾಗಬಹುದು. ಬೈದಾರು ಎಂಬ ಹೆದರಿಕೆಗೆ ಮನೆಯವರು ಬಾಯಿ ಬಿಡುವುದಿಲ್ಲ. ಬೈಯುವ ಡಾಕ್ಟರಿಗೆ ನಿಜ ಸಿಗುವುದಿಲ್ಲ ಎಂಬುದನ್ನು ವೈದ್ಯಕೀಯ ಕಾಲೇಜಿನ ಮೊದಲ ವರ್ಷದಲ್ಲೇ ಹೇಳಿಕೊಡಬೇಕು.

ಮನೆಯವರ ಮಾತಿಗೆ ಯಂತ್ರಗಳಿಗಿಂತ ಹೆಚ್ಚು ಬೆಲೆ ಬರುವ ಒಂದು ಸಂದರ್ಭವಿದೆ. ನ್ಯುಮೋನಿಯಾಕ್ಕೋ ಮೂತ್ರದ ಸೋಂಕಿಗೋ ಸೇರಿಸಿದ ಅಜ್ಜ ಎರಡನೆಯ ರಾತ್ರಿ ಇದ್ದಕ್ಕಿದ್ದಂತೆ ಡ್ರಿಪ್ ಕೀಳುತ್ತಾರೆ, ಸತ್ತುಹೋದ ಅಣ್ಣನನ್ನು ಕರೆಯುತ್ತಾರೆ, ಬಾಗಿಲಲ್ಲಿ ಎಮ್ಮೆ ನಿಂತಿದೆ ಎನ್ನುತ್ತಾರೆ. ಇನ್ನು ಕೆಲವರು ಇದಕ್ಕೆ ತದ್ವಿರುದ್ಧ: ಮಾತಿಲ್ಲ, ಕತೆಯಿಲ್ಲ, ಹಗಲೂ ಮಂಪರು. ಇದು ಡೆಲಿರಿಯಂ. ಸೋಂಕು, ಸೋಡಿಯಂ ಏರುಪೇರು, ಹೊಸ ಔಷಧಿ, ಮಲಬದ್ಧತೆ, ಕಟ್ಟಿದ ಮೂತ್ರ, ಕನ್ನಡಕ ಮತ್ತು ಕಿವಿಯ ಯಂತ್ರ ಮನೆಯಲ್ಲೇ ಮರೆತು ಬಂದದ್ದು ಎಲ್ಲವೂ ಕಾರಣವಾಗಬಹುದು. ಕಾರಣ ಹಿಡಿದು ಸರಿಪಡಿಸಿದರೆ ಬಹಳ ಮಂದಿ ಚೇತರಿಸಿಕೊಳ್ಳುತ್ತಾರೆ, ಹಿಡಿಯದಿದ್ದರೆ ಅಪಾಯ. ಗಲಾಟೆ ಮಾಡುವವರ ಕಡೆ ಎಲ್ಲರ ಕಣ್ಣು ಹೋಗುತ್ತದೆ. ಸುಮ್ಮನೆ ಮಲಗಿದವರನ್ನು ‘ಪಾಪ, ವಿಶ್ರಾಂತಿ ತಗೊಳ್ತಿದ್ದಾರೆ’ ಎಂದು ಬಿಡುತ್ತಾರೆ. ಡ್ಯೂಟಿ ಡಾಕ್ಟರು ಈ ಅಜ್ಜನನ್ನು ನೋಡುತ್ತಿರುವುದೇ ಇವತ್ತು. ಅವರಿಗೆ ಇದು ಎಂಬತ್ತರ ಮುಪ್ಪಿನಂತೆ, ಹಳೆಯ ಮರೆವಿನ ಕಾಯಿಲೆಯಂತೆ ಕಂಡರೆ ಆಶ್ಚರ್ಯವಿಲ್ಲ. ‘ಮೊನ್ನೆವರೆಗೆ ತಾವೇ ಪೇಪರು ಓದಿ, ಹಾಲಿನವನ ಲೆಕ್ಕ ಬರೆದಿಡುತ್ತಿದ್ದರು’ ಎಂದು ಹೇಳಬಲ್ಲವರು ಮನೆಯವರು ಮಾತ್ರ.

2010ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ಕ್ಯಾನ್ಸರ್ ವಾರ್ಡಿನಲ್ಲಿ ಇದನ್ನೇ ಒಂದು ಪರೀಕ್ಷೆಯಾಗಿ ಮಾಡಿ ನೋಡಿದರು. ಇಡೀ ಪರೀಕ್ಷೆಯೆಂದರೆ ರೋಗಿಯ ಹತ್ತಿರದವರಿಗೆ ಕೇಳುವ ಒಂದೇ ಪ್ರಶ್ನೆ: ಇವರು ಇತ್ತೀಚೆಗೆ ಮೊದಲಿಗಿಂತ ಹೆಚ್ಚು ಗೊಂದಲದಲ್ಲಿದ್ದಾರೆ ಅನಿಸುತ್ತದೆಯೇ? ನಮ್ಮಲ್ಲಿ ಅದನ್ನು ಕೇಳುವವರೂ ಕಡಿಮೆ, ಕೇಳದೆ ಹೇಳುವವರೂ ಕಡಿಮೆ. ಅರವತ್ತಕ್ಕೆ ಅರಳು ಮರಳು ಎಂಬ ಗಾದೆ ಬಾಯಲ್ಲಿಟ್ಟುಕೊಂಡೇ ಬೆಳೆದ ನಮಗೆ ಮುದುಕರ ಅಸಂಬದ್ಧ ಮಾತು ಹೇಳಿಕೊಳ್ಳುವಂಥ ರೋಗಲಕ್ಷಣವೆಂದೇ ತೋರುವುದಿಲ್ಲ. ಡೆಲಿರಿಯಂ ಗಂಟೆಗಂಟೆಗೆ ಏರಿಳಿಯುತ್ತದೆ. ಬೆಳಗಿನ ರೌಂಡ್ಸಿನಲ್ಲಿ ಅಜ್ಜ ನಗುತ್ತ ‘ಆರಾಮಿದೀನಿ ಸಾರ್’ ಎಂದುಬಿಟ್ಟರೆ ರಾತ್ರಿ ನಡೆದದ್ದು ಫೈಲಿಗೆ ಏರುವುದೇ ಇಲ್ಲ. ಫೋನಿನಲ್ಲಿ ಅರ್ಧ ನಿಮಿಷದ ವಿಡಿಯೊ ಹಿಡಿದು ಡಾಕ್ಟರಿಗೆ ತೋರಿಸುವ ಸೊಸೆಯಂದಿರು ಈಗ ಕಾಣತೊಡಗಿದ್ದಾರೆ. ಮನೆಯವರ ಗುಂಪಿಗೆ ಹಂಚಲು ಅಲ್ಲ, ಡಾಕ್ಟರಿಗೆ ತೋರಿಸಲು ಎಂಬ ಎಚ್ಚರ ಇದ್ದರೆ ಇದಕ್ಕಿಂತ ಒಳ್ಳೆಯ ವರದಿ ಇಲ್ಲ.

ಮನೆಯವರನ್ನು ರೋಗಿಯ ಬಳಿ ಇರಗೊಡಬೇಕೆಂದು ಇಂಗ್ಲೆಂಡಿನಲ್ಲಿ ಚಳವಳಿಯೇ ನಡೆಯಿತು. ಮರೆವಿನ ಕಾಯಿಲೆಯಿದ್ದ ಜಾನ್ ಜೆರಾರ್ಡ್ ಎಂಬವರು 2014ರಲ್ಲಿ ಕಾಲಿನ ಹುಣ್ಣಿನ ಚಿಕಿತ್ಸೆಗೆ ಆಸ್ಪತ್ರೆ ಸೇರಿದರು. ಐದು ವಾರ ಅಲ್ಲಿದ್ದರು, ಮನೆಯವರಿಗೆ ನೋಡಲು ಬಿಡುತ್ತಿದ್ದದ್ದು ಅಷ್ಟಕ್ಕಷ್ಟೇ. ನಡೆದು ಹೋದವರು ನಡೆಯಲಾರದೆ, ತಮ್ಮವರ ಗುರುತೂ ಮಾಸಿಹೋಗಿ ಮರಳಿದರು. ಅದೇ ವರ್ಷ ನವೆಂಬರಿನಲ್ಲಿ ತೀರಿಕೊಂಡರು. ಲೇಖಕಿಯಾದ ಅವರ ಮಗಳು ನಿಕಿ ಜೆರಾರ್ಡ್ ಗೆಳತಿ ಜೂಲಿಯಾ ಜೋನ್ಸ್ ಜೊತೆ ಸೇರಿ ‘ಜಾನ್ಸ್ ಕ್ಯಾಂಪೇನ್’ ಆರಂಭಿಸಿದರು. ಮರೆವಿನ ರೋಗಿಯ ಪಕ್ಕದಲ್ಲಿ ಮನೆಯವರು ಇರುವುದು ಹಕ್ಕಾಗಬೇಕು ಎಂಬುದು ಬೇಡಿಕೆ. ಇದನ್ನು ಓದುವಾಗ ನಮ್ಮ ವಾರ್ಡುಗಳು ನೆನಪಾಗಿ ವಿಚಿತ್ರವೆನಿಸುತ್ತದೆ. ಅಲ್ಲಿ ಹೋರಾಡಿ ಪಡೆದದ್ದು ಇಲ್ಲಿ ಕಡ್ಡಾಯ. ಅಟೆಂಡರ್ ಇಲ್ಲದೆ ನಮ್ಮಲ್ಲಿ ಅಡ್ಮಿಷನ್ನೇ ಕಷ್ಟ. ಔಷಧಿ ತರುವವರು, ಸ್ಟ್ರೆಚರ್ ತಳ್ಳುವವರು, ಬೆಡ್‌ಪ್ಯಾನ್ ಇಡುವವರು, ರಕ್ತದ ಸ್ಯಾಂಪಲ್ ಲ್ಯಾಬಿಗೆ ಒಯ್ಯುವವರು ಎಲ್ಲರೂ ಮನೆಯವರೇ. ಕೈಗಳನ್ನೆಲ್ಲ ದುಡಿಸಿಕೊಂಡು ಬಾಯಿಯೊಂದನ್ನು ಹೊರಗಿಟ್ಟಿದ್ದೇವೆ.

ಬೆಂಗಳೂರಿನಂಥ ಊರಿನಲ್ಲಿ ಭಾಷೆಯದೂ ಒಂದು ಗೋಡೆ. ಡಾಕ್ಟರದು ಹಿಂದಿಯೋ ತೆಲುಗೋ, ಸಿಸ್ಟರು ಮಲಯಾಳಿ, ಅಟೆಂಡರ್ ಹಾವೇರಿ ಕಡೆಯ ತಾಯಿ. ಇನ್ನು ಮಕ್ಕಳೆಲ್ಲ ಕೆಲಸಕ್ಕೆ ಹೋಗುವ ಮನೆಗಳಲ್ಲಿ ಮುದುಕರನ್ನು ಹಗಲಿಡೀ ನೋಡಿಕೊಳ್ಳುವುದು ಏಜೆನ್ಸಿ ಕಳಿಸಿದ ಹೋಮ್ ನರ್ಸ್. ಹೆಸರಿಗೆ ನರ್ಸ್, ತರಬೇತಿ ಅವರವರ ಅದೃಷ್ಟ. ಚೆಕಪ್ಪಿಗೆ ಹೋದಾಗ ಆಕೆ ಹೊರಗೆ ಬ್ಯಾಗು ಹಿಡಿದು ಕೂತಿರುತ್ತಾಳೆ. ಅಜ್ಜಿಯ ಬೆನ್ನಿನ ಮೇಲೆ ಕೆಂಪು ಕಲೆ ಏಳುತ್ತಿರುವುದನ್ನು, ಅದು ನಾಳೆ ಹಾಸಿಗೆ ಹುಣ್ಣಾಗುವುದನ್ನು ಮೊದಲು ನೋಡಿರುವವಳು ಅವಳೇ. ಒಳಗೆ ಕರೆದು ಒಂದು ಮಾತು ಕೇಳಿದರೆ ಮನೆ ಮರ್ಯಾದೆಗೇನೂ ಕುಂದು ಬರುವುದಿಲ್ಲ.

ವೈದ್ಯರ ಕಷ್ಟವನ್ನೂ ಹೇಳಬೇಕು. ಒಬ್ಬ ರೋಗಿಗೆ ಎಂಟು ಜನ ನೆಂಟರು, ಎಂಟೂ ಜನ ಬೇರೆ ಬೇರೆ ಹೊತ್ತಿಗೆ ಬಂದು ಅದೇ ಪ್ರಶ್ನೆ ಕೇಳುತ್ತಾರೆ. ಒಬ್ಬರಿಗೆ ಹೇಳಿದ್ದಕ್ಕೂ ಇನ್ನೊಬ್ಬರಿಗೆ ಹೇಳಿದ್ದಕ್ಕೂ ಒಂದು ಪದ ವ್ಯತ್ಯಾಸವಾದರೆ ಜಗಳ, ಕೆಲವೊಮ್ಮೆ ಕೈ ಮಾಡುವವರೆಗೂ ಹೋಗುತ್ತದೆ. ಅದಕ್ಕೇ ಎಷ್ಟೋ ವೈದ್ಯರು ಬಾಯಿ ಬಿಗಿ ಹಿಡಿದುಬಿಟ್ಟಿದ್ದಾರೆ. ಇವರೆಲ್ಲರ ಮೇಲೆ ದೂರದಲ್ಲಿರುವ ಮಗನ ಫೋನು. 1991ರಲ್ಲಿ ವೃದ್ಧರ ಚಿಕಿತ್ಸೆಯ ಅಮೆರಿಕದ ಪತ್ರಿಕೆಯೊಂದರಲ್ಲಿ ಬಂದ ಪ್ರಬಂಧ ಇದಕ್ಕೆ ‘ಕ್ಯಾಲಿಫೋರ್ನಿಯಾದ ಮಗಳು’ ಎಂಬ ಹೆಸರನ್ನೇ ಇಟ್ಟಿದೆ. ಬಹುಕಾಲ ದೂರವಿದ್ದ ಮಗಳು ಕೊನೆಯ ಗಳಿಗೆಯಲ್ಲಿ ಇಳಿದು, ಹತ್ತಿರವಿದ್ದು ನೋಡಿಕೊಂಡವರೂ ವೈದ್ಯರೂ ಸೇರಿ ಮಾಡಿದ ತೀರ್ಮಾನವನ್ನೆಲ್ಲ ತಲೆಕೆಳಗು ಮಾಡುವುದು. ಅಲ್ಲಿನವರಿಗೆ ಅದು ತಮಾಷೆಯ ಹೆಸರು, ಜಯನಗರ ಮಲ್ಲೇಶ್ವರಗಳ ಎಷ್ಟೋ ಮನೆಗಳಿಗೆ ಅಕ್ಷರಶಃ ನಿಜ! ಆ ಮಗಳ ಸಿಟ್ಟಿನ ಹಿಂದೆ ಹತ್ತಿರವಿರಲಾಗದ ಸಂಕಟವೂ ಇರುತ್ತದೆ. ಆದರೆ ಅದರ ಬಿಸಿ ತಟ್ಟುವುದು ಇಲ್ಲಿ ಮಲ ಮೂತ್ರ ಬಳಿದವರಿಗೆ. ಮನೆಯವರೆಲ್ಲ ಕೂತು ‘ಡಾಕ್ಟರ ಹತ್ತಿರ ಮಾತಾಡುವವರು ಇಂಥವರು, ಉಳಿದವರೆಲ್ಲ ಅವರನ್ನು ಕೇಳಿಕೊಳ್ಳುವುದು’ ಎಂದು ಮೊದಲ ದಿನವೇ ಗೊತ್ತು ಮಾಡಿಕೊಂಡರೆ ಅರ್ಧ ಗದ್ದಲ ಅಡಗುತ್ತದೆ. ಆ ಒಬ್ಬರು ಆರೈಕೆ ಮಾಡುವವರೇ ಆಗಿರಲಿ ಎಂಬುದು ನನ್ನ ಒತ್ತಾಯ.

ಈ ಮಾತುಕತೆಯಲ್ಲಿ ಎಲ್ಲರೂ ಮರೆತುಬಿಡುವ ಒಬ್ಬರಿದ್ದಾರೆ, ಅವರು ಹಾಸಿಗೆಯ ಮೇಲಿರುವವರು. ‘ಅಪ್ಪನಿಗೆ ಕ್ಯಾನ್ಸರ್ ಅಂತ ಮಾತ್ರ ಹೇಳಬೇಡಿ ಡಾಕ್ಟ್ರೇ’ ಎಂದು ಬಾಗಿಲ ಹೊರಗೆ ಮಕ್ಕಳು ಕೈಮುಗಿಯುತ್ತಾರೆ. ಒಳಗೆ ಅಪ್ಪ, ‘ನನಗೆ ಗೊತ್ತು, ಮಕ್ಕಳಿಗೆ ಗೊತ್ತಾಗೋದು ಬೇಡ’ ಎನ್ನುತ್ತಾರೆ. ನೋವು ಶಮನದ ಚಿಕಿತ್ಸೆ ಕೊಡುವ ವೈದ್ಯರು ಇಂಥವನ್ನು ಮತ್ತೆ ಮತ್ತೆ ಕಂಡಿದ್ದಾರೆ. ಪಳಗಿದವರು ಸುಳ್ಳು ಹೇಳಲು ಒಪ್ಪುವುದಿಲ್ಲ, ಸತ್ಯವನ್ನು ಮುಖಕ್ಕೆ ಎಸೆಯುವುದೂ ಇಲ್ಲ. ‘ನಿಮ್ಮ ಕಾಯಿಲೆ ಬಗ್ಗೆ ಎಷ್ಟು ತಿಳಿದುಕೊಳ್ಳಬೇಕು ಅಂತಿದೀರಿ? ಎಲ್ಲ ನಿಮಗೇ ಹೇಳಲಾ, ಮಗನಿಗೆ ಹೇಳಲಾ?’ ಎಂದು ಹಿರಿಯರನ್ನೇ ಕೇಳುತ್ತಾರೆ. ‘ಮಗನಿಗೇ ಹೇಳಿ’ ಎಂದರೆ ಅದೂ ಅವರ ತೀರ್ಮಾನವೇ.

ಕಾನೂನು ಈ ವಿಷಯದಲ್ಲಿ ನಾವು ತಿಳಿದದ್ದಕ್ಕಿಂತ ಮುಂದಿದೆ. ರೋಗಿಯೋ ಅವರ ಪರವಾಗಿ ಅಧಿಕಾರವುಳ್ಳವರೋ ಕೇಳಿದರೆ 72 ಗಂಟೆಯೊಳಗೆ ಚಿಕಿತ್ಸೆಯ ದಾಖಲೆ ಕೊಡಬೇಕೆಂದು ವೈದ್ಯಕೀಯ ಮಂಡಳಿಯ 2002ರ ನಿಯಮಗಳೇ ಹೇಳುತ್ತವೆ. 2018ರಲ್ಲಿ ಸುಪ್ರೀಂ ಕೋರ್ಟು ಒಪ್ಪಿ, 2023ರಲ್ಲಿ ಸರಳಗೊಳಿಸಿದ ಮುಂಗಡ ಇಚ್ಛಾಪತ್ರವನ್ನು ಜಾರಿಗೆ ತರಲು ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿತು. ತನಗೆ ತಿಳಿವಳಿಕೆ ತಪ್ಪಿದಾಗ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತನ್ನ ಪರವಾಗಿ ಯಾರು ತೀರ್ಮಾನಿಸಬೇಕು ಎಂದು ಮೊದಲೇ ಬರೆದು, ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢಪಡಿಸಿಕೊಳ್ಳಬಹುದು. ವೆಂಟಿಲೇಟರಿನ ಮುಂದೆ ನಿಂತು ಅಣ್ಣತಮ್ಮಂದಿರು ಜಗಳವಾಡುವುದು ಇದರಿಂದ ಸ್ವಲ್ಪ ತಪ್ಪೀತು.

ಮಾತು ಸರಿಯಾದ ಕೈಗೆ ತಲುಪುವಂತೆ ಮಾಡುವುದು ಆಗದ್ದೇನೂ ಅಲ್ಲ. ಅಮೆರಿಕದ ಓಕ್ಲಹೋಮ ರಾಜ್ಯ 2014ರಲ್ಲಿ ತಂದ, ಆಮೇಲೆ ಬಹುತೇಕ ರಾಜ್ಯಗಳು ಅನುಸರಿಸಿದ ಕಾಯಿದೆಯೊಂದು ಹೇಳುವುದು ಇಷ್ಟೇ: ರೋಗಿ ಸೇರುವಾಗಲೇ ಮನೆಯಲ್ಲಿ ನೋಡಿಕೊಳ್ಳುವವರ ಹೆಸರು ಬರೆದುಕೊಳ್ಳಿ, ಬಿಡುಗಡೆಗೆ ಮುಂಚೆ ಅವರಿಗೆ ತಿಳಿಸಿ, ಮನೆಯಲ್ಲಿ ಮಾಡಬೇಕಾದ ಕೆಲಸ ಕಲಿಸಿಕೊಡಿ. ಅಷ್ಟು ದೂರ ಹೋಗುವುದೂ ಬೇಡ. ಹೃದಯದ ಶಸ್ತ್ರಚಿಕಿತ್ಸೆಯಾದವರ ಮನೆಯವರು ಆಸ್ಪತ್ರೆಯ ಮೊಗಸಾಲೆಗಳಲ್ಲಿ ದಿನಗಟ್ಟಲೆ ಸುಮ್ಮನೆ ಕಾದು ಕೂತಿರುವುದನ್ನು ಕಂಡ ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳು, ಆ ಕಾಯುವ ಹೊತ್ತಿನಲ್ಲೇ ಅವರಿಗೆ ಪಾಠ ಮಾಡಿದರೆ ಹೇಗೆ ಎಂದು ಯೋಚಿಸಿದ್ದು ನಮ್ಮ ರಾಜ್ಯದ ನಾರಾಯಣ ಆಸ್ಪತ್ರೆಗಳಲ್ಲೇ. ಗಾಯ ಒರೆಸುವುದು, ನಾಡಿ ಎಣಿಸುವುದು, ಯಾವಾಗ ಗಾಬರಿಯಾಗಬೇಕು ಯಾವಾಗ ಬೇಡ ಎಂಬುದನ್ನೆಲ್ಲ ನರ್ಸುಗಳೇ ಮನೆಮಾತಿನಲ್ಲಿ ಕಲಿಸಿದರು. ಆ ಪ್ರಯತ್ನ ‘ನೂರಾ ಹೆಲ್ತ್’ ಎಂಬ ಸಂಸ್ಥೆಯಾಗಿ ಬೆಳೆದು ಈಗ ಸರ್ಕಾರಿ ಆಸ್ಪತ್ರೆಗಳಿಗೂ ಹಬ್ಬಿದೆ. ವೈದ್ಯ ವಿದ್ಯಾರ್ಥಿಗಳಿಗೆ 2019ರಿಂದ ನಡವಳಿಕೆ, ನೀತಿ, ಸಂವಹನ ಪಠ್ಯದ ಭಾಗವಾಗಿವೆ. 2024ರ ಅಕ್ಟೋಬರಿನಲ್ಲಿ ಕೋಲಾರ ಜಿಲ್ಲೆಯಲ್ಲಿ ಆರಂಭವಾದ ‘ಗೃಹ ಆರೋಗ್ಯ’ ಯೋಜನೆಯಲ್ಲಿ ಬಿಪಿ, ಶುಗರು ನೋಡಲು ಸಿಬ್ಬಂದಿ ಮನೆಬಾಗಿಲಿಗೇ ಬರುತ್ತಾರೆ. ಅಲ್ಲಿ ಗೋಡೆಗೆ ಸರಿಯುವ ಪ್ರಮೇಯವಿಲ್ಲ. ಅಡುಗೆಮನೆಯಿಂದ ಕೈ ಒರೆಸಿಕೊಂಡು ಬಂದವರೇ ಅಜ್ಜಿಯ ಮಾತ್ರೆ ಡಬ್ಬಿ ತಂದಿಟ್ಟು ಉತ್ತರ ಹೇಳಬೇಕು. ಕೇಳುವ ವ್ಯವಧಾನ ಬಂದವರಿಗೆ ಇದ್ದರೆ ಏಕಾದಶಿಯೂ ಮಂಡಿನೋವಿನ ಮಾತ್ರೆಯೂ ಅಲ್ಲೇ ಹೊರಬೀಳುತ್ತವೆ.

ನೋಡಿಕೊಳ್ಳುವವರು ಎಂದಕೂಡಲೇ ಸೊಸೆ, ಮಗಳು ಎಂದು ಯೋಚಿಸುತ್ತೇವೆ. ಮಕ್ಕಳೆಲ್ಲ ಊರು ಬಿಟ್ಟ ಮನೆಗಳಲ್ಲಿ ಪಾರ್ಶ್ವವಾಯು ಬಡಿದ ಎಪ್ಪತ್ತೆಂಟರ ಗಂಡನನ್ನು ಮಗ್ಗುಲು ಬದಲಿಸುವವರು ಎಪ್ಪತ್ತೆರಡರ ಹೆಂಡತಿ. ಆಸ್ಪತ್ರೆಯ ಲೆಕ್ಕದಲ್ಲಿ ಅವರು ರೋಗಿಯಲ್ಲ, ಕೊರಳಲ್ಲಿ ಪಾಸು ತೂಗಿಹಾಕಿಕೊಂಡ ಅಟೆಂಡರ್. ಅವರ ಬಿಪಿ ಮಾತ್ರೆ ಊರಿನಲ್ಲೇ ಉಳಿದಿರಬಹುದು, ಎರಡು ರಾತ್ರಿಯಿಂದ ನಿದ್ದೆಯಿಲ್ಲ, ಊಟ ಕ್ಯಾಂಟೀನಿನ ಇಡ್ಲಿ. ಆರೈಕೆ ಮಾಡುವವರ ಮೇಲೆ ಬೀಳುವ ಹೊರೆ ಅಳೆಯಲು ಸ್ಟೀವನ್ ಜರಿಟ್ ಮತ್ತು ಸಂಗಡಿಗರು 1980ರಲ್ಲೇ ಪ್ರಶ್ನಾವಳಿಯೊಂದನ್ನು ಮಾಡಿಟ್ಟಿದ್ದಾರೆ, ಲೋಕದಾದ್ಯಂತ ಬಳಕೆಯಲ್ಲಿದೆ. ನಮ್ಮ ರೌಂಡ್ಸಿನಲ್ಲಿ ಅಷ್ಟೆಲ್ಲ ಕೇಳಲಾಗದು. ‘ಅಮ್ಮಾ, ನಿಮ್ಮ ಮಾತ್ರೆ ತಗೊಂಡ್ರಾ?’ ಎಂದು ಕೇಳಬಹುದು, ಯಜಮಾನರ ತೋಳಿಗೆ ಕಟ್ಟಿದ ಬಿಪಿ ಪಟ್ಟಿಯನ್ನು ಬಿಚ್ಚಿ ಅವರ ತೋಳಿಗೂ ಒಮ್ಮೆ ಕಟ್ಟಬಹುದು.